ಒಣದಿನಗಳ ಬೆಟ್ಟ: ಮಧುಗಿರಿಯಿಂದ ನಿಡುಗಲ್ಲಿನವರೆಗೆ

ಜೈನಮುನಿಗಳ ವರ್ಷವು ನಿಲ್ಲುವ ಕಾಲ ಮತ್ತು ನಡೆಯುವ ಕಾಲ ಎಂದು ಎರಡಾಗಿ ಒಡೆದಿದೆ. ಆಷಾಢದಿಂದ ಕಾರ್ತಿಕದವರೆಗೆ ಚಾತುರ್ಮಾಸ. ಮೊದಲ ಮಳೆಗೆ ನೆಲದಲ್ಲಿ ಹುಟ್ಟುವ ಹುಲ್ಲು, ಹುಳು, ಸೂಕ್ಷ್ಮಜೀವಿಗಳು ಕಾಲಿಗೆ ಸಿಕ್ಕಿ ನೋಯಬಾರದೆಂದು ಮುನಿಯು ಆ ಅವಧಿಯಲ್ಲಿ ಒಂದೇ ಊರಿನಲ್ಲಿ ನೆಲೆನಿಲ್ಲುತ್ತಾನೆ. ಕಾರ್ತಿಕ ಕಳೆದು ನೆಲ ಒಣಗಿದ ಮೇಲೆ ಪಿಂಛ-ಕಮಂಡಲುಗಳೊಡನೆ ವಿಹಾರ ಆರಂಭವಾಗುತ್ತದೆ. ನಾಡಿನ ಶಾಸನಗಳಲ್ಲಿ ನಾವು ಓದುವ ಗುರುಪರಂಪರೆಗಳೆಲ್ಲವೂ ಈ ಒಣದಿನಗಳ ನಡಿಗೆಯಿಂದಲೇ ಊರಿಂದೂರಿಗೆ ಹಬ್ಬಿದವು. ಇದನ್ನು ನಾವು ಶಾಸ್ತ್ರವಿಧಿಯೆಂದು ಅರಿತಿದ್ದೇವೆ. ಚರಿತ್ರೆಯನ್ನು ಓದುವಾಗ ಅದನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳ ಚರಿತ್ರೆಯನ್ನು ಋತುಮಾನದ ಲೆಕ್ಕವಿಲ್ಲದೆ ಓದುವುದು ಸಾಧ್ಯವೇ ಇಲ್ಲವೆಂದು ನನ್ನ ಎಣಿಕೆ. ಇದು ಮಳೆನೆರಳಿನ ಸೀಮೆ. ಮುಂಗಾರು ಇಲ್ಲಿಗೆ ತಲುಪುವ ಹೊತ್ತಿಗೆ ಬಡಕಲಾಗಿರುತ್ತದೆ. ಬೀಳುವ ಅಷ್ಟಿಷ್ಟು ಮಳೆಯಲ್ಲಿ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳದ್ದು. ಆಮೇಲೆ ಮುಂದಿನ ಮೇ ತಿಂಗಳವರೆಗೆ ಆಕಾಶ ಬಹುತೇಕ ಬರಿದು. ಆ ಬರಿದಾದ ತಿಂಗಳುಗಳಲ್ಲೇ ಇಲ್ಲಿಗೆ ಎಲ್ಲರೂ ಬಂದರು. ಮುನಿಗಳು ಬಂದರು, ಮಹಾನವಮಿ ಮುಗಿಸಿ ದಂಡು ಕಟ್ಟಿಕೊಂಡ ಅರಸರು ಬಂದರು, ಎತ್ತಿನ ಹೇರುಗಳೊಡನೆ ಸೆಟ್ಟರು ಬಂದರು. ಈಗ ಶನಿವಾರ, ಭಾನುವಾರಗಳಂದು ಬೆಂಗಳೂರಿನಿಂದ ಚಾರಣಿಗರು ಬರುತ್ತಾರೆ. ಡಿಸೆಂಬರಿನಿಂದ ಫೆಬ್ರುವರಿಯವರೆಗೆ ಬೆಟ್ಟ ಹತ್ತಲು ಸೊಗಸು ಎಂದು ಅವರ ಕೈಪಿಡಿಗಳು ಹೇಳುತ್ತವೆ. ಸರಿಯಾದ ಮಾತು. ಆದರೆ ಆ ಕೈಪಿಡಿಗಳು ಹೇಳದ ಇನ್ನೊಂದು ಕಾರಣವಿದೆ. ಈ ಬೆಟ್ಟಗಳ ಮೇಲಿನ ಕೋಟೆಯಾಗಲಿ ಬಸದಿಯಾಗಲಿ ನೀರಿನ ಸುತ್ತ ಹುಟ್ಟಿದ್ದು. ನೀರು ಎಲ್ಲಿ ಉಳಿಯುತ್ತದೆ, ಎಲ್ಲಿ ಆರುತ್ತದೆ ಎಂಬುದು ಕಣ್ಣಿಗೆ ಕಾಣುವುದು ಒಣದಿನಗಳಲ್ಲಿ ಮಾತ್ರ.

ಪಯಣವನ್ನು ಶಿರಾದಿಂದ ಆರಂಭಿಸುವುದು ಒಳ್ಳೆಯದು. ಇಂದು ಹೆದ್ದಾರಿಯ ಬದಿಯ ಊರಾಗಿ ಕಾಣುವ ಶಿರಾ ಒಂದು ಕಾಲಕ್ಕೆ ದಕ್ಷಿಣದ ರಾಜಧಾನಿಗಳಲ್ಲೊಂದು. ಬಿಜಾಪುರದ ಅಧಿಕಾರಿ ಮಲಿಕ್ ರಿಹಾನನ ಗೋರಿ 1651ರದು. 1687ರಲ್ಲಿ ಮೊಗಲರು ಈ ಊರನ್ನು ತಮ್ಮ ಸುಬಾದ ಕೇಂದ್ರವನ್ನಾಗಿ ಮಾಡಿಕೊಂಡರು. ಜುಮ್ಮಾ ಮಸೀದಿ 1696ರಲ್ಲಿ ಎದ್ದಿತು. ದಿಲಾವರ್ ಖಾನನ ಅರಮನೆಯ ಮಾದರಿಯಲ್ಲೇ ಮುಂದೆ ಬೆಂಗಳೂರು, ಶ್ರೀರಂಗಪಟ್ಟಣಗಳ ಅರಮನೆಗಳನ್ನು ಕಟ್ಟಿದರೆಂದು ಹೇಳುವುದುಂಟು. 1761ರಲ್ಲಿ ಊರು ಹೈದರನ ಕೈಸೇರಿತು. ಶ್ರೀರಂಗಪಟ್ಟಣದ ಗಂಜಾಮಿಗೆ ಜನ ತುಂಬಲು ಟಿಪ್ಪು ಇಲ್ಲಿಂದ ಹನ್ನೆರಡು ಸಾವಿರ ಕುಟುಂಬಗಳನ್ನು ಸಾಗಿಸಿದನೆಂದು ಬಿ. ಎಲ್. ರೈಸ್ ದಾಖಲಿಸುತ್ತಾರೆ. ಬಯಲಿನ ಊರಿನ ಭಾಗ್ಯವೇ ಇಷ್ಟು. ಬಂದವರೆಲ್ಲ ಗೆದ್ದರು, ಹೋಗುವಾಗ ಕೊಂಡೊಯ್ದರು. ಅಲ್ಲಿಂದ ಆಗ್ನೇಯಕ್ಕೆ, ಮಧುಗಿರಿಯ ಕಡೆಗೆ ಹೊರಟ ಕೂಡಲೇ ಬಯಲು ಮುಗಿದು ಬೋಳುಬಂಡೆಯ ಬೆಟ್ಟಗಳು ಒಂದೊಂದಾಗಿ ಏಳತೊಡಗುತ್ತವೆ.

ಮಧುಗಿರಿಯ ಬೆಟ್ಟ ಒಂದೇ ಕಲ್ಲು. ಸಮುದ್ರಮಟ್ಟದಿಂದ ಸುಮಾರು 3,900 ಅಡಿ ಎತ್ತರದ ಈ ಏಕಶಿಲೆಯನ್ನು ದೂರದಿಂದ ನೋಡಿದಾಗ ಮನುಷ್ಯನ ಕಾಲಿಗೆ ಇಲ್ಲಿ ಎಡೆಯೆಲ್ಲಿ ಎಂಬ ಅನುಮಾನ ಸಹಜ. ಕೆಳಗಿನ ಹಂತಗಳಲ್ಲಿ ಕಟ್ಟಿದ ಮೆಟ್ಟಿಲುಗಳಿವೆ, ಒಂದರ ಮೇಲೊಂದು ಬಾಗಿಲುಗಳಿವೆ. ಮೇಲೆ ಹೋದಂತೆ ಮೆಟ್ಟಿಲು ಮಾಯವಾಗಿ, ಬಂಡೆಯ ಮೈಮೇಲೆ ಉಳಿಯಲ್ಲಿ ಕೊರೆದ ಪಾದ ಹಿಡಿಯುವಷ್ಟೇ ಕಚ್ಚುಗಳು ಉಳಿಯುತ್ತವೆ. ಮಳೆಗಾಲದಲ್ಲಿ ಪಾಚಿ ಕಟ್ಟಿದಾಗ ಈ ಕಚ್ಚುಗಳನ್ನು ನಂಬುವಂತಿಲ್ಲ. ಬೇಸಿಗೆ ಬಲಿತ ಮೇಲೆ ನಡುಹಗಲಿನ ಬಂಡೆ ಕಾದ ಹೆಂಚು. ಮರದ ನೆರಳೆಂಬುದು ಇಲ್ಲ. ಆದ್ದರಿಂದ ಮಾಗಿಯ ದಿನಗಳಲ್ಲಿ, ಬೆಳಕು ಹರಿಯುವಾಗಲೇ ಹೊರಟು, ಬಿಸಿಲೇರುವ ಮೊದಲು ಇಳಿದುಬಿಡುವುದು ವಿವೇಕ. ತುದಿಯಲ್ಲಿ ಗೋಪಾಲಸ್ವಾಮಿಯ ಹಾಳುಗುಡಿ, ಕಣಜಗಳ ಗೋಡೆಗಳು, ನಾಲ್ಕೂ ದಿಕ್ಕಿಗೆ ಬಯಲು.

ಬಹಳಷ್ಟು ಜನ ಗಾಳಿ, ನೋಟಗಳನ್ನು ಸವಿದು ಇಳಿಯುತ್ತಾರೆ. ಚರಿತ್ರೆಯ ವಿದ್ಯಾರ್ಥಿ ಗಮನಿಸಬೇಕಾದುದು ದಾರಿಯುದ್ದಕ್ಕೂ ಸಿಗುವ ದೊಣೆಗಳನ್ನು. ಬಂಡೆಯ ತಗ್ಗಿನಲ್ಲಿ ಮಳೆನೀರು ನಿಂತು ಆದ ಕೊಳಗಳಿವು. ಕೆಲವನ್ನು ಕಟ್ಟೆ ಕಟ್ಟಿ ಹಿಗ್ಗಿಸಿದ್ದಾರೆ. ಕೋಟೆಯ ಹುಟ್ಟಿನ ಐತಿಹ್ಯವೇ ನೀರಿನದು. ರಾಜಾ ಹಿರೇಗೌಡನೆಂಬ ಪಾಳೆಯಗಾರನ ಕುರಿಯೊಂದು ಮಂದೆ ತಪ್ಪಿ ಬೆಟ್ಟದ ಕಡೆ ಹೋಗಿ, ಮರಳಿ ಬಂದಾಗ ಮೈಯಿಂದ ನೀರು ತೊಟ್ಟಿಕ್ಕುತ್ತಿತ್ತಂತೆ. ಈ ಕಲ್ಲಿನಲ್ಲಿ ಒರತೆಯಿದೆ ಎಂದು ಅದರಿಂದ ತಿಳಿದು ಅವನು ಬೆಟ್ಟಕ್ಕೆ ಕೋಟೆ ಹಾಕಿಸಿದನೆಂದು ಕಥೆ. ವಿಜಯನಗರದ ಕಾಲದ ಹಲವು ಊರುಗಳಿಗೆ ಮೊಲವು ನಾಯಿಯನ್ನು ಅಟ್ಟಿಸಿಕೊಂಡು ಹೋದ ಐತಿಹ್ಯವಿರುತ್ತದೆ. ಅದು ಶೌರ್ಯದ ನೆಲವನ್ನು ಗುರುತಿಸುವ ಕಥೆ. ಮಧುಗಿರಿಯವರಿಗೆ ಶೌರ್ಯದ ಮೊಲ ಬೇಕಾಗಲಿಲ್ಲ, ಒದ್ದೆಯಾದ ಕುರಿ ಬೇಕಾಯಿತು. ಈ ಸೀಮೆಯ ಜನ ಯಾವುದನ್ನು ಪವಾಡವೆಂದು ಎಣಿಸಿದರು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

1678ರಲ್ಲಿ ಚಿಕ್ಕದೇವರಾಜ ಒಡೆಯರ ಸೇನೆ ಕೋಟೆಯನ್ನು ಹಿಡಿಯಿತು. ಆಗ ಮೈಸೂರಿನ ಮಂತ್ರಿಪದವಿಯಲ್ಲಿದ್ದವನು ಯಳಂದೂರಿನ ಜೈನ ವಿದ್ವಾಂಸ ವಿಶಾಲಾಕ್ಷ ಪಂಡಿತನೆಂಬುದನ್ನು ನಮ್ಮ ಓದುಗರಿಗೆ ನೆನಪಿಸಬಹುದು. ಮುಂದೆ ಹೈದರ್ ಅಲಿ ಕೋಟೆಯನ್ನು ಬಲಪಡಿಸಿದ. 1763ರಲ್ಲಿ ಬಿದನೂರನ್ನು ಗೆದ್ದ ಮೇಲೆ ಕೆಳದಿಯ ರಾಣಿ ವೀರಮ್ಮಾಜಿಯನ್ನೂ ಅವಳ ದತ್ತುಪುತ್ರನನ್ನೂ ಅವನು ತಂದಿರಿಸಿದ್ದು ಇಲ್ಲಿಯೇ. ಮಲೆನಾಡಿನ ಬಿಡದ ಮಳೆಯಲ್ಲಿ ಬಾಳಿದ ಆ ಹೆಣ್ಣುಮಗಳು ಈ ಬೋಳುಬಂಡೆಯ ಮೇಲೆ ದೊಣೆಯ ನೀರಿನ ಅಳತೆಯಲ್ಲಿ ದಿನ ಕಳೆದಳು. 1767ರ ಒಣ ತಿಂಗಳುಗಳಲ್ಲಿ ಪೇಶ್ವೆ ಮಾಧವರಾಯನ ದಂಡು ಶಿರಾವನ್ನೂ ಮಧುಗಿರಿಯನ್ನೂ ತೆಗೆದುಕೊಂಡಾಗ ಅವಳಿಗೆ ಬಿಡುಗಡೆಯಾಯಿತು. ಪುಣೆಯ ದಾರಿಯಲ್ಲೇ ತೀರಿಕೊಂಡಳು.

ಆ ದಂಡಯಾತ್ರೆಯನ್ನು ತಡೆಯಲು ಹೈದರ್ ಹೊರಡಿಸಿದ ಆಜ್ಞೆಗಳನ್ನು ವಿಲ್ಕ್ಸ್ ತನ್ನ ಮೈಸೂರು ಚರಿತ್ರೆಯಲ್ಲಿ ವಿವರಿಸುತ್ತಾನೆ. ಮರಾಠರು ಹತ್ತಿರ ಬಂದೊಡನೆ ಕೆರೆಗಳ ಏರಿಗಳನ್ನು ಒಡೆಯಬೇಕು, ಬಾವಿಗಳಿಗೆ ಕಳ್ಳಿ ಹಾಕಿ ಕೆಡಿಸಬೇಕು, ಮೇವನ್ನು ಮನೆಯ ಚಾವಣಿಯ ಹುಲ್ಲಿನ ಸಮೇತ ಸುಡಬೇಕು, ಧಾನ್ಯವನ್ನು ಹೂಳಬೇಕು. ಯುದ್ಧಶಾಸ್ತ್ರದ ದೃಷ್ಟಿಯಿಂದ ಇದನ್ನು ಜಾಣ್ಮೆಯೆಂದು ಕೊಂಡಾಡುವವರಿದ್ದಾರೆ. ಶಿರಾ, ಮಧುಗಿರಿಗಳಂಥ ಸೀಮೆಯಲ್ಲಿ ಬೇಸಿಗೆಯ ಬಾಯಿಗೆ ಬಂದಾಗ ಕೆರೆಯ ಏರಿ ಒಡೆಯುವುದೆಂದರೆ ಏನೆಂದು ಅವರು ಒಮ್ಮೆ ಇಲ್ಲಿಯ ಏರಿಯ ಮೇಲೆ ನಿಂತು ಯೋಚಿಸಬೇಕು. ದಂಡು ಒಂದು ತಿಂಗಳಲ್ಲಿ ಹೋಗುತ್ತದೆ. ಏರಿ ಕಟ್ಟಿ ಕೆರೆ ತುಂಬಲು ಒಂದು ತಲೆಮಾರೇ ಬೇಕಾಗಬಹುದು.

ಊರಿನ ಹಳೆಯ ಹೆಸರು ಮದ್ದಗಿರಿ. ಮಧುಗಿರಿ ಎಂದಾದದ್ದು ಇಪ್ಪತ್ತನೆಯ ಶತಮಾನದಲ್ಲಿ. ಇಲ್ಲಿ ಅಧಿಕಾರಿಯಾಗಿದ್ದ ಮಾಸ್ತಿಯವರೇ ಈ ಹೆಸರಿಗೆ ಕಾರಣರೆಂದು ಊರಿನಲ್ಲಿ ಹೇಳುತ್ತಾರೆ. ಬೆಟ್ಟದ ಬುಡದಲ್ಲಿ ವೆಂಕಟರಮಣ, ಮಲ್ಲೇಶ್ವರ ಗುಡಿಗಳ ಜೋಡಿಯನ್ನು ನೋಡುವವರು ಮಲ್ಲಿನಾಥ ಬಸದಿಯನ್ನು ಅಷ್ಟಾಗಿ ಕೇಳಿಕೊಂಡು ಹೋಗುವುದಿಲ್ಲ. ಹತ್ತೊಂಬತ್ತನೆಯ ತೀರ್ಥಂಕರನ ಲಾಂಛನ ಕಲಶವೆಂಬುದು ಈ ಬರಸೀಮೆಯಲ್ಲಿ ನನಗೆ ಯಾವಾಗಲೂ ಹಿತವಾಗಿ ತೋರುತ್ತದೆ. ಇದು ಕೇವಲ ಭಾವದ ಮಾತು, ಸಂಶೋಧನೆಯಲ್ಲ.

ಕೊರಟಗೆರೆಯ ಬೆಟ್ಟಗಳನ್ನು ಕುರಿತು ಹೆಚ್ಚು ಹೇಳಲಾರೆ. ಸಿದ್ಧರಬೆಟ್ಟದ ಗುಹೆಯ ಒರತೆಗೆ ಜನ ಹೋಗುವುದು ಔಷಧಿಯ ನಂಬಿಕೆಯಿಂದ. ಚನ್ನರಾಯನದುರ್ಗಕ್ಕೆ ಹೋಗುವವರು ಕಡಿಮೆ. ಎರಡೂ ಕಡೆ ನೀರಿನ ಕಥೆ ಮಧುಗಿರಿಯದೇ. ನಮ್ಮ ವಿಷಯಕ್ಕೆ ಮುಖ್ಯವಾದ ಬೆಟ್ಟ ಉತ್ತರಕ್ಕಿದೆ.

ಬಹುಪಾಲು ಆಂಧ್ರದ ನೆಲದಿಂದ ಸುತ್ತುವರಿದ ಪಾವಗಡ ತಾಲ್ಲೂಕಿನಲ್ಲಿ ನಿಡುಗಲ್ಲು ಒಂದು ಹೋಬಳಿ. ಬೆಟ್ಟದ ಎತ್ತರ ಮಧುಗಿರಿಗಿಂತ ತುಸು ಕಡಿಮೆ. ‘ನಿಡು’ ಎಂದರೆ ಉದ್ದವಾದ, ನೀಳವಾದ; ‘ಕಲ್’ ಸೇರಿ ನಿಡುಗಲ್. ಶಾಸನವು ಈ ಬೆಟ್ಟವನ್ನು ಕಾಳಾಂಜನವೆಂದು ಕರೆದು, ಶಿಖರಗಳ ಎತ್ತರದಿಂದ ಅದಕ್ಕೆ ನಿಡುಗಲ್ಲೆಂಬ ಹೆಸರಾಯಿತೆಂದು ತಾನೇ ವಿವರಿಸುತ್ತದೆ. ಶಾಸನಕವಿ ನಿರುಕ್ತಿಕಾರನೂ ಆಗಿರುವ ಸೊಗಸಾದ ಸಂದರ್ಭವಿದು. ಇಲ್ಲಿಂದ ಆಳಿದವರು ತಮ್ಮನ್ನು ಕರಿಕಾಲ ಚೋಳನ ವಂಶದವರೆಂದೂ ಒರೆಯೂರಿನ ಒಡೆಯರೆಂದೂ ಕರೆದುಕೊಂಡ ನಿಡುಗಲ್ ಚೋಳರು. ಕಾವೇರಿಯ ತಟದ ಒರೆಯೂರಿನ ಬಿರುದನ್ನು ಹೊತ್ತು ಅವರು ಆಳಿದ್ದು ಈ ಬೆಂಗಾಡಿನ ಸೀಮೆಯನ್ನು. ಇವರ ಮೊದಲ ನೆಲೆ ಹೆಂಜೇರು, ಇಂದಿನ ಹೇಮಾವತಿ, ಅದಕ್ಕೂ ಹಿಂದೆ ನೊಳಂಬರ ರಾಜಧಾನಿ. ಹೊಯ್ಸಳರ ಒತ್ತಡ ಹೆಚ್ಚಿದಂತೆ ಬಯಲಿನ ಹೆಂಜೇರಿಗಿಂತ ಬೆಟ್ಟದ ನಿಡುಗಲ್ಲು ಅವರಿಗೆ ಹೆಚ್ಚು ನಂಬಿಕೆಯದಾಗಿ ಕಂಡಿರಬೇಕು.

1232ರಲ್ಲಿ ಇರುಂಗೋಳನು ಆಳುತ್ತಿದ್ದಾಗ ಗಂಗೇಯನ ಮಾರೆಯನೆಂಬವನು ಈ ಬೆಟ್ಟದಲ್ಲಿ ಪಾರ್ಶ್ವಜಿನನ ಬಸದಿಯೊಂದನ್ನು ಕಟ್ಟಿಸಿದ. ಅದಕ್ಕೆ ಜೋಗವಟ್ಟಿಗೆಯ ಬಸದಿ ಎಂದು ಹೆಸರು. ಎಪಿಗ್ರಾಫಿಯಾ ಕರ್ನಾಟಿಕದ ಹನ್ನೆರಡನೆಯ ಸಂಪುಟದಲ್ಲಿ ಅಚ್ಚಾಗಿರುವ ಈ ಶಾಸನವನ್ನು ನಮ್ಮ ವಿದ್ವಾಂಸರು ಬಹುವಾಗಿ ಬಳಸಿಕೊಂಡಿರುವುದು ಗುರುಪರಂಪರೆಗಾಗಿ. ಮಾರೆಯನಿಗೆ ವ್ರತವಿತ್ತವನು ನೇಮಿ ಪಂಡಿತ. ಅವನ ಗುರು ಪದ್ಮಪ್ರಭ ಮಲಧಾರಿದೇವ. ಅವನ ಗುರು ವೀರನಂದಿ ಸಿದ್ಧಾಂತ ಚಕ್ರವರ್ತಿ. ಮೂಲಸಂಘ, ದೇಸಿಗಣ, ಪುಸ್ತಕಗಚ್ಛ. ಇಷ್ಟನ್ನು ಟಿಪ್ಪಣಿ ಮಾಡಿಕೊಂಡು ಪುಟ ತಿರುವುತ್ತೇವೆ. ಬಸದಿ ಎಲ್ಲಿತ್ತು ಎಂದು ಶಾಸನ ಎಷ್ಟು ಕರಾರುವಾಕ್ಕಾಗಿ ಹೇಳುತ್ತದೆಯೋ ಅದರ ಕಡೆಗೆ ಕಣ್ಣು ಹೋಗುವುದಿಲ್ಲ. ಬದರವೆಂಬ ಕೊಳದ ದಕ್ಷಿಣಕ್ಕೆ, ಬಂಡೆಯ ತುದಿಯಲ್ಲಿ ಅದನ್ನು ಕಟ್ಟಿಸಲಾಯಿತು. ಕೊಳ ಮೊದಲು, ಬಸದಿ ಅನಂತರ. ನಿತ್ಯ ಅಭಿಷೇಕಕ್ಕೂ ಬಂದ ಮುನಿಗಳ ಆಹಾರದ ವ್ಯವಸ್ಥೆಗೂ ಸೋಸಿದ ನೀರು ಬೇಕು. ಅದು ಫಾಲ್ಗುಣ, ಚೈತ್ರಗಳಲ್ಲೂ ಸಿಗಬೇಕು. ವಿಹಾರದ ಕಾಲವೂ ನೀರಿನ ಅಭಾವದ ಕಾಲವೂ ಒಂದೇ ಆಗಿರುವಾಗ, ಬಸದಿಯ ಜಾಗವನ್ನು ಆರಿಸುವವನು ಬೇಸಿಗೆಯಲ್ಲಿ ಆರದ ಕೊಳವನ್ನು ಹುಡುಕದೆ ಇರುತ್ತಾನೆಯೇ? ಶಾಸನದ ಆ ಸ್ಥಳನಿರ್ದೇಶವನ್ನು ನಾನು ಅಲಂಕಾರವೆಂದು ಓದಲಾರೆ. ಅದು ಕಟ್ಟಿಸಿದವನ ಲೆಕ್ಕಾಚಾರ. ಅರಸನು ಭೂಮಿಯನ್ನಿತ್ತನು, ಒಕ್ಕಲುಗಳು ತಮ್ಮ ಅಡಕೆ, ಎಲೆ, ಗಾಣದ ಎಣ್ಣೆಗಳಲ್ಲಿ ಪಾಲು ಕೊಟ್ಟರು. ಅಡಕೆ, ಎಲೆ ಎರಡೂ ನೀರಾವರಿಯ ಬೆಳೆಗಳೆಂಬುದನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮತ್ತೆ ಆ ಮಾತಿಗೆ ಬರುತ್ತೇನೆ.

ನಿಡುಗಲ್ಲಿನ ಶಾಸನದಲ್ಲಿ ಬರುವ ಪದ್ಮಪ್ರಭ ಮಲಧಾರಿದೇವನು ನಮಗೆ ಅಪರಿಚಿತನಲ್ಲ. ಕುಂದಕುಂದಾಚಾರ್ಯರ ‘ನಿಯಮಸಾರ’ಕ್ಕೆ ‘ತಾತ್ಪರ್ಯವೃತ್ತಿ’ ಎಂಬ ಸಂಸ್ಕೃತ ವ್ಯಾಖ್ಯಾನವನ್ನು ಬರೆದವನು ಅವನೇ ಎಂದು, ವೀರನಂದಿಯ ಶಿಷ್ಯತ್ವವನ್ನು ಆಧಾರವಾಗಿಟ್ಟುಕೊಂಡು ವಿದ್ವಾಂಸರು ಗುರುತಿಸಿದ್ದಾರೆ. ವೃತ್ತಿಯ ಅಧಿಕಾರಾಂತ್ಯಗಳಲ್ಲಿ ಅವನು ತನ್ನನ್ನು ಮೈಯೊಂದನ್ನುಳಿದು ಬೇರೆ ಪರಿಗ್ರಹವಿಲ್ಲದವನೆಂದು ಬಣ್ಣಿಸಿಕೊಳ್ಳುತ್ತಾನೆ. ಅವನ ನಿಧನವನ್ನು ದಾಖಲಿಸುವ ಶಾಸನವಿರುವುದು ಪಾಟಶಿವರದಲ್ಲಿ. ಇಂದಿನ ಆಂಧ್ರಪ್ರದೇಶದ ಮಡಕಶಿರಾ ಸೀಮೆಯಲ್ಲಿ, ನಮ್ಮ ತಾಲ್ಲೂಕುಗಳ ಗಡಿಗೆ ಅಂಟಿಕೊಂಡಂತೆ. ಕಾಲ ಶಕ 1107, ಎಂದರೆ ಕ್ರಿ.ಶ. 1185–86, ಫಾಲ್ಗುಣ ಮಾಸ. ಹೆಂಜೇರಿನಿಂದ ಭೋಗದೇವ ಚೋಳನು ಆಳುತ್ತಿದ್ದ ದಿನಗಳವು. ವಿಹಾರದ ತಿಂಗಳಿನಲ್ಲಿ ಮುನಿಯ ನಡಿಗೆ ಅಲ್ಲಿ ಮುಗಿಯಿತು. ನಿಯಮಸಾರವನ್ನು ಪಾಠ ಮಾಡುವ ನಾವು, ಪಠ್ಯದಲ್ಲಿ ಓದುವ ಅಧ್ಯಾತ್ಮವನ್ನು ಊರು-ಕೇರಿಯಿಲ್ಲದ ಶುದ್ಧ ಆಕಾಶದಲ್ಲಿ ಹುಟ್ಟಿದ್ದೆಂಬಂತೆ ಓದುತ್ತೇವೆ. ಅದರ ವ್ಯಾಖ್ಯಾನಕಾರನ ಕೊನೆಯ ಹೆಜ್ಜೆಗಳು ಬಿದ್ದದ್ದು ಈ ಕೆಂಪು-ಬೂದು ಮಣ್ಣಿನ ಬಯಲಿನಲ್ಲಿ.

‘ಮಲಧಾರಿ’ ಎಂದರೆ ಮೈಯ ಕೊಳೆಯನ್ನು ತೊಳೆಯದೆ ಧರಿಸಿದವನು. ದಿಗಂಬರ ಮುನಿಯ ಇಪ್ಪತ್ತೆಂಟು ಮೂಲಗುಣಗಳಲ್ಲಿ ಅಸ್ನಾನವೂ ಒಂದು. ಅದನ್ನು ಕಟ್ಟುನಿಟ್ಟಾಗಿ ನಡೆಸಿದವರಿಗೆ ಈ ಬಿರುದು ಸಂದಿತು. ಶ್ರವಣಬೆಳ್ಗೊಳದ 1129ರ ಪ್ರಶಸ್ತಿಯ ಮಲ್ಲಿಷೇಣನೂ ಮಲಧಾರಿಯೇ. ಆದ್ದರಿಂದ ನೀರಿಲ್ಲದ ಸೀಮೆಯಿಂದಲೇ ಈ ಬಿರುದು ಬಂತೆಂದು ವಾದಿಸಿದರೆ ಅದು ಅತಿಯಾದೀತು. ಆದರೆ ಒಂದು ಬಿಂದಿಗೆ ನೀರಿಗೆ ಬೆಲೆಯಿರುವ ಊರಿನಲ್ಲಿ, ನೀರನ್ನು ತನ್ನ ಮೈಗೆ ಬಳಸೆನೆಂದ ಅತಿಥಿಯನ್ನು ಜನ ಯಾವ ಕಣ್ಣಿನಿಂದ ನೋಡಿರಬಹುದು ಎಂದು ಕೇಳಿಕೊಳ್ಳುವುದು ತಪ್ಪಲ್ಲ. ಒಂದೂರಿನ ಹೊರೆಯಾಗದೆ ಮುಂದೂರಿಗೆ ನಡೆಯುವವನು ಅವನು.

ಈ ಸರಣಿಯ ಮೂರನೆಯ ಕೊಂಡಿ ಅದೇ ಮಡಕಶಿರಾ ಸೀಮೆಯ ಅಮರಾಪುರ. ಅಲ್ಲಿಯ ಶಕ 1200ರ (ಕ್ರಿ.ಶ. 1278) ಶಾಸನದ ಪ್ರಕಾರ, ಇರುಂಗೋಳನೆಂಬ ಹೆಸರಿನ ಅರಸನ ಆಳ್ವಿಕೆಯಲ್ಲೇ, ಬಾಲೇಂದು ಮಲಧಾರಿದೇವನ ಶ್ರಾವಕಶಿಷ್ಯ ಮಲ್ಲಿಸೆಟ್ಟಿಯು ತೈಲಂಗೆರೆಯ ಬ್ರಹ್ಮಜಿನಾಲಯದ ಪ್ರಸನ್ನ ಪಾರ್ಶ್ವದೇವರಿಗೆ ತಮ್ಮಡಹಳ್ಳಿಯಲ್ಲಿನ 2,000 ಅಡಕೆ ಮರಗಳನ್ನು ದಾನವಾಗಿತ್ತ. ಜಿನಾಲಯವನ್ನು ಅಡಿಯಿಂದ ಶಿಖರದವರೆಗೆ ಕಲ್ಲಿನಲ್ಲಿ ಕಟ್ಟಿಸುವ ಕೆಲಸಕ್ಕೆ ಅದರ ಆದಾಯ ಸಲ್ಲಬೇಕು. ಪಾಟಶಿವರ, ನಿಡುಗಲ್ಲು, ಅಮರಾಪುರ: ಸುಮಾರು ತೊಂಬತ್ತು ವರ್ಷಗಳಲ್ಲಿ ಮೂರು ಶಾಸನಗಳು, ಒಂದೇ ಅರಸುಮನೆತನ, ಒಂದೇ ದೇಸಿಗಣ.

ಎರಡು ಸಾವಿರ ಅಡಕೆ ಮರಗಳು! ಅಡಕೆ ಬೇಸಿಗೆಯ ಬಾಯಾರಿಕೆಯನ್ನು ತಾಳುವ ಮರವಲ್ಲ. ಐದೋ ಏಳೋ ವರ್ಷ ಸಾಕಿದ ಮೇಲೆ ಫಲ; ನಡುವೆ ಒಂದೇ ಒಂದು ಬೇಸಿಗೆ ನೀರು ತಪ್ಪಿದರೂ ತೋಟ ಹೋದಂತೆ. ಸೆಟ್ಟಿ ದಾನವಿತ್ತದ್ದು ಮರಗಳನ್ನಾದರೂ, ಆ ದಾನದ ಹಿಂದಿದ್ದದ್ದು ಮಾಘದಿಂದ ವೈಶಾಖದವರೆಗೆ ನಿಲ್ಲದ ನೀರು. ಈ ಸೀಮೆಯಲ್ಲಿ ಅದು ಹೇಗೆ ಸಾಧ್ಯವಾಗಿತ್ತು? ಕೆರೆಗಳು ಒಂದು ಉತ್ತರ. ಇನ್ನೊಂದು, ಹೊರಗಿನವರು ಹೆಸರನ್ನೇ ಕೇಳಿರದ ತಲಪರಿಗೆಗಳು. ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡಗಳ ಹಳ್ಳಕೊಳ್ಳಗಳ ಪಕ್ಕದಲ್ಲಿ, ಕೆರೆಯ ಅಂಗಳಗಳಲ್ಲಿ ಮರಳಿನಡಿಯಿಂದ ತಾನಾಗಿ ಉಕ್ಕುವ ಒರತೆಗಳಿವು. ಬೇಸಿಗೆಗೆ ಮುನ್ನ ಊರವರು ಕೂಡಿ ಹೂಳೆತ್ತಿ, ಕಾಲುವೆ ಸರಿಮಾಡಿ, ಸರದಿಯಂತೆ ನೀರು ಹರಿಸಿಕೊಳ್ಳುತ್ತಿದ್ದರು. ನೀರುಗಂಟಿಯ ಮಾತೇ ಅಲ್ಲಿ ತೀರ್ಪು. ಜಯಮಂಗಲಿಯ ಮರಳು ಲಾರಿಯೇರಿದ ಮೇಲೆ, ಕೊಳವೆಬಾವಿಗಳು ನೂರಾರು ಅಡಿ ಕೆಳಗಿಳಿದ ಮೇಲೆ ತಲಪರಿಗೆಗಳು ಬಹುಪಾಲು ಬತ್ತಿದವು. ಪಾವಗಡದಲ್ಲಿ ಆಳದ ನೀರಿನೊಡನೆ ಫ್ಲೋರೈಡು ಮೇಲೆ ಬಂತು. ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರವಿದ್ಯುತ್ ಪಾರ್ಕ್ ಹಬ್ಬಿದೆ. ರೈತರು ನೆಲವನ್ನು ಗುತ್ತಿಗೆಗೆ ಕೊಟ್ಟಿದ್ದಾರೆ. ಶಾಸನಕಾಲದ ಒಕ್ಕಲು ಎಲೆ, ಅಡಕೆ ಕೊಟ್ಟ ತಾಲ್ಲೂಕಿನಲ್ಲಿ ಇಂದು ಬಿಸಿಲೇ ಫಸಲು.

ಶಾಸನಸಾಹಿತ್ಯದ ಮೇಲೆ ಕೆಲಸ ಮಾಡುವ ವಿದ್ಯಾರ್ಥಿಗಳಿಗೆ ಒಂದು ಕೆಲಸವನ್ನು ಸೂಚಿಸುತ್ತೇನೆ. ನಿಡುಗಲ್ಲಿಗೆ ಒಮ್ಮೆ ಕಾರ್ತಿಕ ಮುಗಿದೊಡನೆ, ಇನ್ನೊಮ್ಮೆ ಫಾಲ್ಗುಣದಲ್ಲಿ ಹೋಗಬೇಕು. ಮೊದಲ ಸಲ ತುಂಬಿದ ಕೊಳ, ದೊಣೆಗಳನ್ನೆಲ್ಲ ನಕ್ಷೆಯಲ್ಲಿ ಗುರುತಿಸಿಕೊಂಡು ಬನ್ನಿ; ಎರಡನೆಯ ಸಲ ಅವುಗಳಲ್ಲಿ ಯಾವುದರಲ್ಲಿ ನೀರು ಉಳಿದಿದೆಯೆಂದು ನೋಡಿ, ಶಾಸನದ ಬದರ ಕೊಳವನ್ನು ಅವುಗಳ ನಡುವೆ ಹುಡುಕಿ. ಜೊತೆಗೆ ಊರಿನ ಹಿರಿಯರೊಬ್ಬರಿರಲಿ. ಬಿದ್ದ ಗೋಡೆಗಳ ನಡುವೆ ನಿಧಿಗಳ್ಳರು ತೋಡಿದ ಗುಂಡಿಗಳು ಹೊಸಬರಿಗೆ ಕಾಣುವುದಿಲ್ಲ. ಅಲ್ಲಿಂದ ಗಡಿ ದಾಟಿ ಪಾಟಶಿವರ, ಅಮರಾಪುರಗಳಿಗೆ ಹೋಗುವಾಗ ಹಳೆಯ ಕಂದಾಯ ನಕ್ಷೆಗಳನ್ನು ಒಯ್ಯಿರಿ. ತಮ್ಮಡಹಳ್ಳಿಯ ತೋಟಕ್ಕೆ ನೀರು ಬಂದ ಕಾಲುವೆಯ ಗುರುತು ಇದ್ದರೆ, ಅದು ಬೆಳೆಯೂ ಹುಲ್ಲೂ ಇಲ್ಲದ ಆ ತಿಂಗಳಿನಲ್ಲಿ ಬರಿಗಣ್ಣಿಗೇ ಕಂಡೀತು.